ಹಾರ್ನ್‌ಬಿಯಲ್ಲಿ ಒಬ್ಬ ಅಂಬಿಗ

ಆಕ್ಲೆಂಡ್

ಶ್ರಾವಣಿ, ಸಮರ್ಥ,

ನಾನು ನ್ಯೂಜಿಲೆಂಡಿನಿಂದ ಮರಳಿದ ದಿನ ನೀವಿಬ್ಬರೂ ಬ್ಯಾಗಿನ ಸುತ್ತ ಕುಳಿತು, "ಅಜ್ಜಿ, ಅಲ್ಲಿ ಏನೇನ್ ನೋಡಿದಿ?" ಎಂದು ಕೇಳಿದಿರಿ. "ಕುರಿ ನೋಡಿದೆ" ಎಂದೆ. ನೀವು ನಕ್ಕು, ಚಾಕಲೇಟು ತೆಗೆದುಕೊಂಡು ಎದ್ದುಹೋದಿರಿ. ತಪ್ಪು ನಿಮ್ಮದಲ್ಲ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಇಬ್ಬರ ಎದುರೂ ಅಷ್ಟಕ್ಕಷ್ಟೇ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಿಮದ ಗುಡ್ಡ, ನೀಲಿ ಸರೋವರ ಬೇಕಾದರೆ ನಿಮ್ಮ ವೀಣಾ ಚಿಕ್ಕಮ್ಮ ಕಳಿಸಿದ ಫೋಟೋಗಳಲ್ಲಿವೆ. ಫೋಟೋದಲ್ಲಿ ಇಲ್ಲದ್ದು ಇಲ್ಲಿದೆ.

ಆಕ್ಲೆಂಡಿನಲ್ಲಿ ಇಳಿದ ಕೂಡಲೇ ಚೀಲ ಬಿಚ್ಚಿಸಿದರು. ಆ ದೇಶದವರಿಗೆ ಹೊರಗಿನ ಬೀಜ, ಮಣ್ಣು, ಹುಳ ಎಂದರೆ ಬಹಳ ಭಯ. ಕೈಗೆ ಗವಸು ಹಾಕಿಕೊಂಡ ಎತ್ತರದ ಅಧಿಕಾರಿಣಿ ನನ್ನ ಕಡಕ್ ರೊಟ್ಟಿಯ ಕಟ್ಟು ತೆಗೆದು, ಬೆರಳಿನಿಂದ ತಟ್ಟಿ ನೋಡಿದಳು. ಇನ್ನೊಬ್ಬನನ್ನು ಕರೆದಳು. ಅವನು ಒಂದು ತುಂಡು ಮುರಿದ. ಆ ಸಪ್ಪಳಕ್ಕೆ ಪಕ್ಕದ ಸಾಲಿನವರೂ ತಿರುಗಿದರು. ಬ್ರೆಡ್ ಎಂದು ಹೇಳು ಎಂದು ವೀಣಾ ಫೋನಿನಲ್ಲಿ ಕಲಿಸಿದ್ದಳು, ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ, ಆದರೆ ಬಿಟ್ಟರು. ವೀಣಾಳ ಹಿತ್ತಲಿಗೆಂದು ಒಯ್ದಿದ್ದ ಹೀರೆ ಬೀಜ ಮಾತ್ರ ಇಟ್ಟುಕೊಂಡರು. ಕೊನೆಗೆ ಆಕೆ ನನ್ನ ಕಾಲು ನೋಡಿ, ಚಪ್ಪಲಿ ಬಿಡಿಸಿ, ಒಳಗೆ ಒಯ್ದಳು. ಚಪ್ಪಲಿಯೂ ಹೋಯಿತು ಎಂದುಕೊಂಡು ಬರಿಗಾಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅಟ್ಟೆಯ ಮಣ್ಣನ್ನೆಲ್ಲ ತಿಕ್ಕಿ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಸರಕಾರದ ಅಧಿಕಾರಿ ನನ್ನ ಚಪ್ಪಲಿ ತೊಳೆದದ್ದು! ನಾನು ಕೈ ಮುಗಿದೆ. ಆಕೆಯೂ ಮುಗಿದಳು. ಅಲ್ಲಿಂದ ಇನ್ನೊಂದು ಸಣ್ಣ ವಿಮಾನದಲ್ಲಿ ಕ್ರೈಸ್ಟ್‌ಚರ್ಚಿಗೆ ಹೋದೆ.

ಹಾರ್ನ್‌ಬಿ

ವೀಣಾಳ ಮನೆ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿ ಎಂಬ ಕಡೆ. ದೊಡ್ಡ ದೊಡ್ಡ ಗೋದಾಮುಗಳು, ಅವುಗಳಿಗೆ ಬರುವ ಲಾರಿಗಳು, ನಡುವೆ ಹುಲ್ಲು ಕತ್ತರಿಸಿದ ಅಂಗಳದ ಸಣ್ಣ ಮನೆಗಳು. ಲಾರಿಗಳು ಹಾರ್ನ್ ಹೊಡೆಯುವುದಿಲ್ಲ. ಮೊದಲ ವಾರ ಆ ನಿಶ್ಶಬ್ದಕ್ಕೇ ನನಗೆ ನಿದ್ದೆ ಬರಲಿಲ್ಲ.

ನನ್ನ ಚಪ್ಪಲಿಯನ್ನು ಅಷ್ಟು ಜತನದಿಂದ ತೊಳೆದುಕೊಟ್ಟ ದೇಶದಲ್ಲಿ ಜನ ಚಪ್ಪಲಿಯನ್ನೇ ಹಾಕುವುದಿಲ್ಲ ಎಂಬುದು ನಾನು ಕಂಡ ಮೊದಲ ವಿಚಿತ್ರ. ಎಲ್ಲರೂ ಅಲ್ಲ. ಆದರೆ ಅಂಗಡಿಯಲ್ಲಿ, ಪೆಟ್ರೋಲ್ ಪಂಪಿನಲ್ಲಿ, ಒಳ್ಳೆ ಬಟ್ಟೆ ಹಾಕಿದವರು ಬರಿಗಾಲಲ್ಲಿ ಆರಾಮಾಗಿ ಓಡಾಡುತ್ತಾರೆ. ನಮ್ಮಲ್ಲಿ ಬರಿಗಾಲಲ್ಲಿ ಹೋದರೆ ಜನ ಕಾರಣ ಹುಡುಕುತ್ತಾರೆ. ಅಲ್ಲಿ ಯಾರೂ ಕೆಳಗೆ ನೋಡುವುದೇ ಇಲ್ಲ. ಇನ್ನೊಂದು, ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಹಿಂಬಾಗಿಲಿನಿಂದಲೇ ಡ್ರೈವರನಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ನನಗೆ ಆ ಕೂಗು ಸಾಧ್ಯವಾಗಲಿಲ್ಲ. ಇಳಿದ ಮೇಲೆ ಬಸ್ಸಿನ ಮುಂದೆ ಹೋಗಿ ಕೈ ಮುಗಿದೆ. ಬಸ್ಸು ನಿಂತೇ ಇತ್ತು; ನಾನು ದಾರಿಯಿಂದ ಸರಿಯಲಿ ಎಂದು ಅವನು ಕಾಯುತ್ತಿದ್ದ.

ಹಗಲು ಮನೆಯಲ್ಲಿ ನಾನೊಬ್ಬಳೇ. ನಿಮ್ಮ ಚಿಕ್ಕಪ್ಪ ಗೋದಾಮಿನ ಕೆಲಸಕ್ಕೆ ಬೆಳಿಗ್ಗೆ ಐದಕ್ಕೇ ಹೋಗುತ್ತಿದ್ದರು. ಮೂರನೆಯ ದಿನ ಸಾರಿಗೆ ಒಗ್ಗರಣೆ ಹಾಕಿದೆ, ಛಾವಣಿಯಲ್ಲಿದ್ದ ಬಿಳಿ ಡಬ್ಬಿ ಕಿರುಚತೊಡಗಿತು. ಹೊಗೆಗೆ ಕೂಗುವ ಯಂತ್ರವಂತೆ. ಪಕ್ಕದ ಮನೆಯವನು ಬೇಲಿ ಹಾರಿ ಓಡಿಬಂದ. ಐದನೆಯ ದಿನ ಮತ್ತೆ ಒಗ್ಗರಣೆ, ಮತ್ತೆ ಅದೇ ಮನುಷ್ಯ, ಈ ಸಲ ಸಾವಕಾಶವಾಗಿ ಗೇಟಿನಿಂದ ಬಂದ. ಅವತ್ತು ಸಂಜೆ ವೀಣಾ ಅಂದಳು:

"ಅವ್ವಾ, ನಾಳಿಂದ ನನ್ ಜೋಡಿ ಕೆಲಸಕ್ಕ ಬಾ. ಅಲ್ಲಿ ಅಡಗಿ ಬ್ಯಾರೆಯವರು ಮಾಡ್ತಾರ."

"ನಾ ಅಲ್ಲಿ ಏನ್ ಮಾಡ್ಲಿ?"

"ಕುಂದ್ರು. ಅಲ್ಲಿ ಎಲ್ಲಾರೂ ಕುಂತಿರ್ತಾರ."

ಹಿರಿಯರ ಮನೆ

ವೀಣಾ ನರ್ಸ್ ಆಗಿರುವುದು ವಯಸ್ಸಾದವರು ಇರುವ ಒಂದು ಮನೆಯಲ್ಲಿ. ಅಲ್ಲಿಯವರ ಬಗ್ಗೆ ಅಯ್ಯೋ ಎನ್ನಬೇಕೆಂದು ನಾನು ಸಿದ್ಧಳಾಗಿ ಹೋಗಿದ್ದೆ. ಹತ್ತು ಗಂಟೆಗೆ ಚಹಾ, ಬಿಸ್ಕೀಟು. ಒಂದು ಪಂಜರದಲ್ಲಿ ಗಿಳಿ. ಇಸ್ಪೀಟಿನಲ್ಲಿ ಮೋಸ ಮಾಡಿದಳೆಂದು ಇಬ್ಬರು ಮುದುಕಿಯರ ಜಗಳ. ಅಯ್ಯೋ ಎನ್ನಲು ಸಮಯ ಸಿಗಲಿಲ್ಲ. ತೊಂಬತ್ತು ದಾಟಿದವರನ್ನೂ ಇಪ್ಪತ್ತರ ಹುಡುಗಿಯರು ಹೆಸರು ಹಿಡಿದು ಕರೆಯುವುದು ಮಾತ್ರ ಕಿವಿಗೆ ಚುಚ್ಚುತ್ತಿತ್ತು. ಅವರೆಲ್ಲ ನನ್ನನ್ನು ಆಂಟಿ ಎನ್ನುತ್ತಿದ್ದರು, ವೀಣಾ ಕಲಿಸಿದ್ದಳು.

ಏಳನೆಯ ಕೋಣೆಯಲ್ಲಿದ್ದವರು ನನ್ನ ಹೆಸರೇ ಕೇಳಿದರು. ಹೇಳಿದೆ. "ಗಿರಿಜಾ" ಎಂದು ಎರಡು ಸಲ ಬಾಯಲ್ಲಿ ಹೊರಳಿಸಿ, ಮೂರನೆಯ ಸಲ ಸರಿಯಾಗಿ ಅಂದರು. ನಮ್ಮೂರಿನಲ್ಲಿ ನಾನು ಮಾಸ್ತರರ ಮನೆಯವರು, ಆಮೇಲೆ ವೀಣಾನ ಅವ್ವ. ಗಂಡಸೊಬ್ಬರು ನನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷವಾಯಿತೋ ಲೆಕ್ಕವಿಲ್ಲ.

ಅವರ ಹೆಸರು ಡೆಸ್ಮಂಡ್ ಥ್ರೇಲ್. ವಯಸ್ಸು ಎಂಬತ್ತೆಂಟು. ನಿಮಗಾಗಿ ಡೆಸ್ಮಂಡ್ ಅಜ್ಜ ಎಂದೇ ಬರೆಯುತ್ತೇನೆ. ಇಂಗ್ಲೆಂಡಿನ ನಟರು. "ಭಾಳ ದೊಡ್ಡ ಮನುಷ್ಯಾ ಅವ್ವಾ, ರಾಣಿ ಕೈಯಿಂದ ಬಿರುದು ತಗೊಂಡಾರ" ಎಂದು ವೀಣಾ ಹೊರಗೆ ಬಂದು ಹೇಳಿದಳು. ಒಳಗಿದ್ದಾಗ ಅವರ ಕಾಲಿನ ಉಗುರು ಕತ್ತರಿಸುತ್ತ, "ಡೆಸ್ಮಂಡ್, ಅಲುಗಾಡಬೇಡಿ" ಎಂದು ಬೈಯುತ್ತಿದ್ದಳು.

ಏಳನೆಯ ಕೋಣೆ

ದೊಡ್ಡ ನಟರ ಕೋಣೆ ಎಂದರೆ ಗೋಡೆ ತುಂಬ ಫೋಟೋ ಇರುತ್ತದೆ ಎಂದುಕೊಂಡಿದ್ದೆ. ಒಂದೂ ಇರಲಿಲ್ಲ. ಹೆಂಡತಿಯ ಒಂದು ಚಿತ್ರ, ಕೆಳಗೆ ಒಂದು ಸಾಲು ಹಳೆಯ ಬೂಟುಗಳು. ಪ್ರತಿಯೊಂದೂ ಒಂದೊಂದು ಪಾತ್ರದ್ದು. ಪಾತ್ರ ಕಾಲಿನಿಂದ ಮೇಲಕ್ಕೆ ಏರುತ್ತದೆ, ಬೂಟು ಸಿಗುವವರೆಗೆ ತನಗೆ ಮಾತು ಬಾಯಿಪಾಠವಾಗುತ್ತಿರಲಿಲ್ಲ ಎಂದರು. ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ವೀಣಾ ಮಾತ್ರೆ ಎಣಿಸುತ್ತ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಅವರ ತಂದೆ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹದಿನಾರನೆಯ ವಯಸ್ಸಿಗೆ ಡೆಸ್ಮಂಡ್ ಅಜ್ಜ ಊರೂರು ತಿರುಗುವ ನಾಟಕ ಮಂಡಳಿ ಸೇರಿದರು. ಆ ಮಂಡಳಿ ವಾರಕ್ಕೊಂದು ಹೊಸ ನಾಟಕ ಆಡುತ್ತಿತ್ತು. ಬೆಳಿಗ್ಗೆ ಮುಂದಿನ ವಾರದ ನಾಟಕದ ತಾಲೀಮು, ಸಂಜೆ ಈ ವಾರದ್ದರ ಪ್ರಯೋಗ. ಮೊದಲ ವರ್ಷವೆಲ್ಲ ಬಾಗಿಲು ತೆರೆಯುವುದು, ಪತ್ರ ತಂದುಕೊಡುವುದು. ಒಮ್ಮೆ ಬುಧವಾರದ ನಾಟಕದಲ್ಲಿ ಹೋದ ಬುಧವಾರದ ಮಾತು ಹೇಳಿ, ತಪ್ಪು ಮನೆಗೆ ಪತ್ರ ಕೊಟ್ಟುಬಂದರಂತೆ. ಆಮೇಲೆ ಲಂಡನ್. ಅಲ್ಲಿ ಮೂವತ್ತು ವರ್ಷ ರಂಗದ ಮೇಲೆ. ಕೂದಲು ಬೆಳ್ಳಗಾದ ಮೇಲೆ ಸಿನಿಮಾದವರು ಕರೆದರು. ಅವರಿಗೆ ಬೇಕಾದದ್ದು ನ್ಯಾಯಾಧೀಶ, ದಂಡನಾಯಕ, ಮಠದ ಗುರು.

"ಸಿನಿಮಾದಲ್ಲಿ ನಾನು ಹದಿನಾಲ್ಕು ಸಲ ಸತ್ತಿದ್ದೇನೆ" ಎಂದರು.

ಯಾವ ಸಾವು ಕಷ್ಟವಾಯಿತು ಎಂದು ಕೇಳು ಎಂದು ವೀಣಾಳಿಗೆ ಮೆಲ್ಲಗೆ ಹೇಳಿದೆ.

"ಒಂದೂ ಇಲ್ಲ. ಸಿನಿಮಾದಲ್ಲಿ ಸತ್ತ ಕೂಡಲೇ ಊಟಕ್ಕೆ ಬಿಡುತ್ತಾರೆ. ನಾಟಕದಲ್ಲಿ ಸತ್ತರೆ ಎದ್ದು ನಮಸ್ಕಾರ ಮಾಡಬೇಕು, ನಾಳೆ ಮತ್ತೆ ಸಾಯಬೇಕು."

ಒಂದು ಸಿನಿಮಾಕ್ಕೆಂದೇ ನ್ಯೂಜಿಲೆಂಡಿಗೆ ಬಂದವರು, ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡು, ಆಸ್ಪತ್ರೆಯಲ್ಲಿ ಪರಿಚಯವಾದ ಹೆಂಗಸನ್ನು ಮದುವೆಯಾಗಿ ಇಲ್ಲೇ ನಿಂತರು. ಆಕೆ ಆರು ವರ್ಷದ ಹಿಂದೆ ತೀರಿಕೊಂಡರು. ಮಕ್ಕಳಿಲ್ಲ.

ಈ ಕಥೆಯನ್ನೆಲ್ಲ ಅವರು ಹೇಳಿದ ರೀತಿ, ಇನ್ಯಾರದೋ ಬದುಕನ್ನು ಓದಿ ಹೇಳಿದ ಹಾಗಿತ್ತು. ಒಂದು ವಿಷಯಕ್ಕೆ ಬಂದಾಗ ಮಾತ್ರ ದನಿ ಬದಲಾಯಿತು. ಮರು ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಇದೇ ಮನೆಯ ದೊಡ್ಡ ಕೋಣೆಯಲ್ಲಿ, ಅವರು ಒಂದು ನಾಟಕ ಆಡುವವರಿದ್ದರು. ಒಬ್ಬರೇ ನಟ, ನಲವತ್ತು ನಿಮಿಷ. ಅವರ ಗೆಳೆಯರೊಬ್ಬರು ಅವರಿಗಾಗಿಯೇ ಬರೆದದ್ದು. ನದಿಗೆ ಸೇತುವೆ ಆಗಿದೆ, ನಾಳೆ ತೆರೆಯುತ್ತದೆ. ಇವತ್ತು ಮುದಿ ಅಂಬಿಗನ ಕೊನೆಯ ದಿನ. ಅವನು ದೋಣಿಯಲ್ಲಿ ಕುಳಿತು ಕಾಯುತ್ತಾನೆ, ಯಾರೂ ಬರುವುದಿಲ್ಲ. ತಾನು ದಾಟಿಸಿದವರನ್ನೆಲ್ಲ ನೆನೆಯುತ್ತಾನೆ. ಕೊನೆಗೆ ಆಚೆ ದಂಡೆಗೆ ಒಂದು ಸಲ ಕೂಗುತ್ತಾನೆ. ಉತ್ತರ ಬರುವುದಿಲ್ಲ. ದೋಣಿ ಕಟ್ಟಿಹಾಕಿ ಮನೆಗೆ ಹೋಗುತ್ತಾನೆ. ಅಷ್ಟೇ. ಮೂವತ್ತೊಂದನೆಯ ವಯಸ್ಸಿನಲ್ಲಿ ಮುಖಕ್ಕೆ ಸುಕ್ಕು ಬರೆದುಕೊಂಡು ಆ ಪಾತ್ರ ಮಾಡಿದ್ದರಂತೆ. "ಈಗ ಬಣ್ಣದ ಖರ್ಚಿಲ್ಲ" ಎಂದರು.

ನನಗೆ ನಮ್ಮೂರ ವರದಾ ನದಿಯ ಫಕೀರಪ್ಪ ನೆನಪಾದ. ಸೇತುವೆ ಆದ ಮೇಲೆ ಅವನು ಅದರ ಬುಡದಲ್ಲೇ ಚಹಾದ ಅಂಗಡಿ ಇಟ್ಟ. ದೋಣಿಗಿಂತ ಚಹಾ ಚೆನ್ನಾಗಿ ನಡೆಯಿತು. ಇದನ್ನು ವೀಣಾ ಹೇಳಿದಾಗ ಡೆಸ್ಮಂಡ್ ಅಜ್ಜ ಬಹಳ ಹೊತ್ತು ನಕ್ಕರು.

ಕೋಣೆಯಿಂದ ಹೊರಗೆ ಬಂದ ಮೇಲೆ ವೀಣಾ ಹೇಳಿದ್ದು ಬೇರೆ. ಹೋದ ಕ್ರಿಸ್‌ಮಸ್‌ನಲ್ಲಿ ಅವರು ಎಲ್ಲರ ಎದುರು ಒಂದು ಪದ್ಯ ಹೇಳಲು ಎದ್ದು, ನಡುವೆ ಮರೆತು, ನಿಂತುಬಿಟ್ಟಿದ್ದರು. ಅದಾದ ಮೇಲೆ ಮೂರು ದಿನ ಊಟ ಮುಟ್ಟಲಿಲ್ಲ, ಹದಿನೈದು ದಿನ ಹಾಸಿಗೆ ಬಿಡಲಿಲ್ಲ.

"ಇನ್ನೊಮ್ಮೆ ಹಂಗಾತಂದ್ರ ಏಳೂದಿಲ್ಲವ್ವಾ ಅವರು. ಏಳಾಕ ಮನಸೇ ಮಾಡೂದಿಲ್ಲ" ಎಂದಳು.

ತಾಲೀಮು

ಆ ಮನೆಯ ಮೇಲ್ವಿಚಾರಕಿ ಟ್ರೇಸಿ ಎಂಬಾಕೆ. ಒಳ್ಳೆಯವಳು, ಕೈಯಲ್ಲಿ ಯಾವಾಗಲೂ ಒಂದು ಫಾರ್ಮು. ಅಪಾಯಗಳನ್ನೆಲ್ಲ ಅದರಲ್ಲಿ ಬರೆದು ಸಹಿ ಹಾಕಿದರೆ ಅಪಾಯ ಬರುವುದಿಲ್ಲ ಎಂಬ ನಂಬಿಕೆ ಅಲ್ಲಿ ಎಲ್ಲರಿಗೂ ಇದೆ.

"ಡೆಸ್ಮಂಡ್, ಪುಸ್ತಕ ಕೈಯಲ್ಲಿ ಹಿಡಿದು ಓದಿದರೆ ಏನು ಹೋಗುತ್ತದೆ?" ಎಂದು ಕೇಳಿದಳು.

"ಪುಸ್ತಕ ಓದುತ್ತ ಕೂತ ಅಂಬಿಗನ ದೋಣಿಯನ್ನು ನೀನು ಹತ್ತುತ್ತೀಯಾ, ಟ್ರೇಸಿ?"

ಕೊನೆಗೆ ಒಪ್ಪಂದವಾಯಿತು. ಮರೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂರಬೇಕು, ಮರೆತಲ್ಲಿ ಮಾತು ಎತ್ತಿಕೊಡಬೇಕು. ವೀಣಾ ತಾನು ಕೂರುತ್ತೇನೆ ಎಂದಳು. ಬರಿಗಾಲಿನ ಪಾತ್ರ, ಆದರೆ ಬರಿಗಾಲಿಗೆ ಟ್ರೇಸಿಯ ಫಾರ್ಮಿನಲ್ಲಿ ಜಾಗವಿರಲಿಲ್ಲ. ಜಾರದಂತೆ ಕೆಳಗೆ ರಬ್ಬರಿನ ಚುಕ್ಕೆ ಇರುವ ಕೆಂಪು ಕಾಲುಚೀಲ ಹಾಕಿಸಿದಳು. ಎದುರುಬದುರು ಎರಡು ಕುರ್ಚಿ ಇಟ್ಟರೆ ದೋಣಿ. ವ್ಯಾಯಾಮದ ಕೋಣೆಯಿಂದ ತಂದ ಎರಡು ಊರುಗೋಲು ಹುಟ್ಟುಗಳಾದವು.

ವೀಣಾಳ ಕೈಗೆ ಬಂದ ಪುಸ್ತಕ ಐವತ್ತೇಳು ವರ್ಷ ಹಳೆಯದು. ಲಂಡನ್ನಿನ ರಂಗಮಂದಿರದಲ್ಲಿ ಮಿಸ್ ಪಾರ್ ಎಂಬಾಕೆ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು ಮಾತು ಎತ್ತಿಕೊಡುತ್ತಿದ್ದಳಂತೆ. ಅದೇ ಅವಳ ಉದ್ಯೋಗ. ನಟ ಎಲ್ಲೆಲ್ಲಿ ಬೇಕೆಂದೇ ನಿಲ್ಲಿಸುತ್ತಾನೋ ಅಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಗೆರೆ ಹಾಕಿದ್ದಳು. ಗೆರೆ ಇದ್ದಲ್ಲಿ ಬಾಯಿ ಬಿಡಬಾರದು. ತೊಂದರೆ ಏನೆಂದರೆ, ಆ ಗೆರೆಗಳು ಮೂವತ್ತೊಂದು ವಯಸ್ಸಿನ ನಟನವು. ಈಗಿನವರು ಬೇರೆ ಕಡೆ ನಿಲ್ಲುತ್ತಿದ್ದರು.

ಮೊದಲ ತಾಲೀಮಿಗೆ ನಾನು ಮೂಲೆಯಲ್ಲಿ ಕೂತಿದ್ದೆ. ಡೆಸ್ಮಂಡ್ ಅಜ್ಜ ಎರಡು ಮಾತು ಹೇಳಿ ನಿಂತರು. ವೀಣಾ ತಟ್ಟನೆ ಮುಂದಿನ ಮಾತು ಹೇಳಿದಳು. ಅವರು ಹುಟ್ಟು ಕೆಳಗಿಟ್ಟರು.

"ನಾನು ನದಿ ನೋಡುತ್ತಿದ್ದೆ."

"ಸಾರಿ, ಮರೆತಿರೇನೋ ಅಂದುಕೊಂಡೆ."

"ಅಷ್ಟು ದೊಡ್ಡ ನದಿ. ನೋಡಲು ಸ್ವಲ್ಪ ಸಮಯ ಬೇಕು."

ಮತ್ತೆ ಶುರು. ಮತ್ತೆ ನಿಂತರು, ಮತ್ತೆ ಇವಳು ಹೇಳಿದಳು. ನಾಲ್ಕನೆಯ ಸಲ ಅವರು ಗುಡುಗಿದರು: "ನಾನಿನ್ನೂ ಸತ್ತಿಲ್ಲ, ಸಿಸ್ಟರ್!"

ವೀಣಾ ನನ್ನ ಕಡೆ ತಿರುಗಿ ಅಂದಳು: "ಅವ್ವಾ, ಪೇಶಂಟ್ ಸುಮ್ಮನಾದ್ರ ನನ್ ಕೈ ತಾನ ನಾಡಿ ಹಿಡೀತೈತಿ. ಹದಿನೈದು ವರ್ಷದ ರೂಢಿ. ನಾ ಹೆಂಗ ಸುಮ್ ಕುಂದ್ರಲಿ?"

ಬೈಸಿಕೊಂಡ ಮೇಲೆ ಹಟ ಹಿಡಿದು ಸುಮ್ಮನೆ ಕೂತಳು. ಆಗ ಅವರು ನಿಜವಾಗಿಯೂ ಮರೆತರು. ಇವಳು ಹೇಳಲಿಲ್ಲ. ಅವರ ಬಾಯಿ ತೆರೆದೇ ಇತ್ತು. ಕಣ್ಣು ಕೋಣೆಯ ತುಂಬ ಏನನ್ನೋ ಹುಡುಕುತ್ತಿತ್ತು. ನನಗೆ ನೋಡಲು ಆಗಲಿಲ್ಲ.

"ವೀಣಾ, ಈಗ ಹೇಳು. ಈಗ ಮರ್ತಾರ. ಆಗ ಮರ್ತಿದ್ದಿಲ್ಲ" ಎಂದೆ.

ಅವಳು ಹೇಳಿದಳು. ಅವರು ಮಾತು ಹಿಡಿದು ಮುಂದೆ ಹೋದರು. ಮುಗಿದ ಮೇಲೆ ಇಬ್ಬರೂ ನನ್ನ ಕಡೆ ನೋಡಿದರು.

"ನಿನಗ ಹೆಂಗ ಗೊತ್ತಾತವ್ವಾ? ನಿನಗ ಒಂದ್ ಮಾತೂ ತಿಳಿಯಂಗಿಲ್ಲ."

"ಹಿಮ್ಮಡ ನೋಡಿದೆ."

ಇಲ್ಲಿ ನಿಮಗೆ ಒಂದು ಹಳೆಯ ಸಂಗತಿ ಹೇಳಬೇಕು. ನಿಮ್ಮ ಅಜ್ಜ ಶಾಲೆಯ ಮಾಸ್ತರರಾಗಿದ್ದರು, ವರ್ಷಕ್ಕೊಂದು ನಾಟಕ ಆಡುತ್ತಿದ್ದರು ಎಂದು ನಿಮಗೆ ಗೊತ್ತು. ನಮ್ಮೂರಿನಲ್ಲಿ ಮಾತು ಎತ್ತಿಕೊಡುವವನು ಪ್ರತಿ ಮಾತನ್ನೂ ಗಟ್ಟಿಯಾಗಿ ಓದುತ್ತಿದ್ದ. ಜನ ಪ್ರತಿ ನಾಟಕವನ್ನು ಎರಡೆರಡು ಸಲ ಕೇಳುತ್ತಿದ್ದರು. ನಿಮ್ಮ ಅಜ್ಜನಿಗೆ ಅದು ಸೇರುತ್ತಿರಲಿಲ್ಲ. ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತ ಅವರ ಮಾತು ಕೇಳಿಸಿಕೊಳ್ಳುತ್ತಿದ್ದೆ, ಹೀಗಾಗಿ ನನ್ನನ್ನೇ ಕೂರಿಸಿದರು. ಮಾಸ್ತರರ ಹೆಂಡತಿ ಗಂಡಸರ ನಡುವೆ ನಿಲ್ಲುವಂತಿಲ್ಲ, ನನಗೂ ಧೈರ್ಯವಿಲ್ಲ. ಪಕ್ಕದ ಪರದೆಯ ಹಿಂದೆ, ನಾಟಕದ ಅಟ್ಟಕ್ಕಿಂತ ತಗ್ಗಿನಲ್ಲಿ, ಗೋಣಿಚೀಲದ ಮೇಲೆ ಕೂರುತ್ತಿದ್ದೆ. ಪರದೆ ಒಂದು ಗೇಣು ಮೇಲಿರುತ್ತಿತ್ತು. ಆ ಸಂದಿಯಲ್ಲಿ ನನಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಮೊದಲ ವರ್ಷ ಅವರು ನಿಂತಲ್ಲೆಲ್ಲ ಮಾತು ಕೊಟ್ಟೆ. "ಉಸಿರು ತಗೊಳ್ಳಾಕೂ ಬಿಡ್ಲಿಲ್ಲಲ್ಲ ನೀನು" ಎಂದು ಎರಡು ದಿನ ಸಿಟ್ಟಾಗಿದ್ದರು. ಆಮೇಲೆ ಕಲಿತೆ. ಬೇಕೆಂದು ನಿಂತ ನಟನ ಹಿಮ್ಮಡಿ ನೆಲಕ್ಕೆ ಊರಿರುತ್ತದೆ. ಮರೆತವನ ಹಿಮ್ಮಡಿ ಸಣ್ಣಗೆ ಮೇಲೇಳುತ್ತದೆ, ಓಡಿಹೋಗುವವನ ಹಾಗೆ. ಅವನಿಗೇ ಅದು ಗೊತ್ತಿರುವುದಿಲ್ಲ.

"ನೀ ಅಪ್ಪಗ ಪ್ರಾಂಪ್ಟ್ ಮಾಡ್ತಿದ್ದಿ? ನನಗ ಯಾವತ್ತೂ ಹೇಳೇ ಇಲ್ಲಲ್ಲ!" ಎಂದಳು ವೀಣಾ.

"ನೀ ಕೇಳೇ ಇಲ್ಲ."

ಡೆಸ್ಮಂಡ್ ಅಜ್ಜ ತಮ್ಮ ಕೆಂಪು ಕಾಲುಚೀಲಗಳನ್ನು ಬಹಳ ಹೊತ್ತು ನೋಡಿದರು. ಎಪ್ಪತ್ತು ವರ್ಷ ಈ ಕಾಲುಗಳು ತನ್ನ ಬಗ್ಗೆ ಚಾಡಿ ಹೇಳುತ್ತಿದ್ದವೇ ಎಂದರು. ಆಮೇಲೆ ನನ್ನನ್ನು ಪರೀಕ್ಷೆ ಮಾಡಲು, ಮರೆತವರಂತೆ ಬಾಯಿ ತೆರೆದು ನಿಂತರು. ಎಷ್ಟು ಚೆನ್ನಾಗಿ ಮಾಡಿದರೆಂದರೆ ವೀಣಾ ಪುಸ್ತಕ ತಿರುವಿದಳು. ನಾನು ಇಲ್ಲ ಎಂದು ತಲೆ ಆಡಿಸಿದೆ. ಹಿಮ್ಮಡಿ ಊರಿಯೇ ಇತ್ತು.

ಅವತ್ತಿನಿಂದ ನಮ್ಮ ವ್ಯವಸ್ಥೆ ಹೀಗಾಯಿತು. ಮಡಚುವ ತಡಿಕೆಯ ಹಿಂದೆ ನಾನು ಮತ್ತು ವೀಣಾ. ನಾನು ಅದರ ಕೆಳಗಿನ ಸಂದಿಯಲ್ಲಿ ಕಾಲು ನೋಡುವುದು, ಅವಳು ಪುಸ್ತಕ ನೋಡುವುದು. ನಾನು ಅವಳ ಮೊಣಕಾಲು ಒತ್ತಿದರೆ ಮಾತ್ರ ಮಾತು. ಹತ್ತು ತಾಲೀಮು ಮಾಡಿದೆವು. ಮೊದಲ ದಿನ ಹದಿನೇಳು ಸಲ ಒತ್ತಿದ್ದೆ, ಕೊನೆಯ ದಿನ ನಾಲ್ಕು. ಕೊನೆಯ ಭಾಗ ಅವರಿಗೆ ಒಂದು ದಿನವೂ ತಪ್ಪಲಿಲ್ಲ.

ಭಾನುವಾರ, ಮಧ್ಯಾಹ್ನ ಎರಡೂವರೆ

ಅವತ್ತು ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಆ ಗಾಳಿ ಬಂದರೆ ತಲೆನೋವು, ಮನೆಗಳಲ್ಲಿ ಜಗಳ ಎಂದು ಅಲ್ಲಿಯವರ ನಂಬಿಕೆ. ಕಿಟಕಿಗಳು ಗದಗದ ಅನ್ನುತ್ತಿದ್ದವು. ಅರವತ್ತು ಕುರ್ಚಿ ತುಂಬಿದ್ದವು. ಆ ಮನೆಯವರು, ಅವರ ಮಕ್ಕಳು, ಊರಿನ ಹವ್ಯಾಸಿ ನಾಟಕದವರು. ಟ್ರೇಸಿ ಬಾಗಿಲ ಬಳಿ ಕಿತ್ತಳೆ ಬಣ್ಣದ ಶಂಕುಗಳನ್ನು ನಿಲ್ಲಿಸಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ಡೆಸ್ಮಂಡ್ ಅಜ್ಜ ಮಧ್ಯಾಹ್ನ ಊಟ ಮಾಡಿರಲಿಲ್ಲ. ತಡಿಕೆಯ ಹಿಂದೆ ಬಂದು ಒಂದು ಕ್ಷಣ ನಿಂತು, ವೀಣಾಳಿಗೆ ಏನೋ ಹೇಳಿ ಹೋದರು.

"ಏನಂದ್ರು?"

"ಗಿರಿಜಾಗ ಕಣ್ಣು ಮುಚ್ಚಬ್ಯಾಡ ಅನ್ನು ಅಂದ್ರು."

ಶುರುವಾಯಿತು. ಅವರ ದನಿ ತಾಲೀಮಿನದಲ್ಲ. ಎಲ್ಲಿಂದ ತಂದರೋ ತಿಳಿಯದು. ಮೊದಲ ಹತ್ತು ನಿಮಿಷದಲ್ಲಿ ಒಂದು ಸಲ ಒತ್ತಿದೆ. ವೀಣಾ ಉಸಿರಿನಲ್ಲಿ ಎರಡು ಪದ ಹೇಳಿದಳು, ಹೊರಗೆ ಯಾರಿಗೂ ಕೇಳಲಿಲ್ಲ. ಇಪ್ಪತ್ತನೆಯ ನಿಮಿಷದಲ್ಲಿ ಅವರು ನದಿ ನೋಡಿದರು. ಬಹಳ ಹೊತ್ತು ನೋಡಿದರು. ಜನರಲ್ಲಿ ಕೆಮ್ಮು ಶುರುವಾಯಿತು. ಟ್ರೇಸಿ ತಡಿಕೆಯ ಹತ್ತಿರ ಬಂದು ಕಣ್ಣಿನಲ್ಲೇ ಕೇಳಿದಳು. ಹಿಮ್ಮಡಿ ಊರಿತ್ತು. ನಾನು ವೀಣಾಳ ಕೈ ಹಿಡಿದುಕೊಂಡೆ. ಅವರು ಮುಂದಿನ ಮಾತು ಹೇಳಿದಾಗ, ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು.

ಕೊನೆಯ ಭಾಗ ಬಂತು. ನನಗೆ ನಿರಾಳವಾಯಿತು. ವೀಣಾಳಿಗೂ ಆಗಿರಬೇಕು, ಅವಳು ಪುಸ್ತಕ ಬಿಟ್ಟು ತಡಿಕೆಯ ಅಂಚಿನಿಂದ ಅವರನ್ನೇ ನೋಡುತ್ತ ಕೂತಳು, ಗಲ್ಲದ ಮೇಲೆ ನೀರು. ಅವರು ಹುಟ್ಟು ಒಳಗೆ ಎಳೆದುಕೊಂಡರು. ಎದ್ದು ಆಚೆ ದಂಡೆಗೆ ಕೂಗಬೇಕು. ಎದ್ದರು. ಕೂಗಲಿಲ್ಲ.

ಎರಡೂ ಹಿಮ್ಮಡಿಗಳು ನೆಲ ಬಿಟ್ಟಿದ್ದವು.

ವೀಣಾಳ ಮೊಣಕಾಲು ಒತ್ತಿದೆ. ಅವಳು ತೊಡೆಯ ಕಡೆ ನೋಡಿದಳು. ಪುಸ್ತಕ ಮುಚ್ಚಿಕೊಂಡಿತ್ತು.

"ಹಾಳಿ ತಪ್ಪೈತವ್ವಾ" ಎಂದಳು. ಹಾಳೆ ತಿರುವುವ ಸಪ್ಪಳ ನನಗೇ ದೊಡ್ಡದಾಗಿ ಕೇಳುತ್ತಿತ್ತು. ಕೆಂಪು ಕಾಲುಗಳು ನಡುಗತೊಡಗಿದವು. ಊರುಗೋಲು ನೆ‌ಲಕ್ಕೆ ಬಡಿಯಿತು.

ಆ ಮಾತಿನ ಇಂಗ್ಲಿಷು ನನ್ನ ಕಿವಿಯಲ್ಲಿತ್ತು, ಹತ್ತು ಸಲ ಕೇಳಿದ್ದೆ. ಆದರೆ ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ. ಬಂದದ್ದು ನಮ್ಮೂರ ಮಾತು. ಪಿಸುಮಾತೂ ಅಲ್ಲ, ಹೊಳೆಯ ದಂಡೆಯಲ್ಲಿ ಕೂಗುವ ಹಾಗೆ:

"ಆಚೀ ದಂಡ್ಯಾಗ ಯಾರರ ಅದೀರೇನ್ರೀ?"

ಅರವತ್ತು ತಲೆಗಳು ತಡಿಕೆಯ ಕಡೆ ತಿರುಗಿದವು. ಕೆಡಿಸಿಬಿಟ್ಟೆ, ಈ ಮನುಷ್ಯನ ಎಪ್ಪತ್ತು ವರ್ಷವನ್ನು ಒಂದು ಮಾತಿನಲ್ಲಿ ಹಾಳುಮಾಡಿದೆ ಎಂದುಕೊಂಡೆ. ಕಣ್ಣು ಮಾತ್ರ ಸಂದಿಯಲ್ಲೇ ಇತ್ತು. ಎರಡು ಹಿಮ್ಮಡಿಗಳು ಮೆಲ್ಲಗೆ, ಒಂದಾದ ಮೇಲೊಂದು, ಕೆಳಗಿಳಿದು ಊರಿದವು.

ಅವರು ತಡಿಕೆಯ ಕಡೆ ತಿರುಗಿ, ಕಿವಿಗೆ ಕೈ ಅಡ್ಡ ಹಿಡಿದು, ಏನೋ ಕೂಗಿದರು. ವೀಣಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"'ಯಾರದು? ಅಲ್ಲೇ ಇರಿ, ಬಂದೆ' ಅನ್ನಾಕತ್ತಾರವ್ವಾ. ಇದು ಪುಸ್ತಕದಾಗ ಇಲ್ಲ."

ಅವರು ಕೂತರು, ಹುಟ್ಟು ಹಾಕಿದರು. ಎಂಟು ಸಲ ಎಣಿಸಿದೆ. ಆಮೇಲೆ ತಡಿಕೆಯ ಕಡೆ ಕೈ ಚಾಚಿದರು.

"ಹೋಗವ್ವಾ."

"ನಾ ಒಲ್ಲೆ."

"ಅವರು ಕೈ ಚಾಚಿ ಕಾಯಾಕತ್ತಾರ ನೋಡು. ಹೋಗು."

ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದೆ. ಎರಡು ಹೆಜ್ಜೆ. ಅವರ ಕೈ ಹಿಡಿದು, ಜನರಿಗೆ ಬೆನ್ನು ಮಾಡಿ, ಎದುರಿನ ಖಾಲಿ ಕುರ್ಚಿಯಲ್ಲಿ ಕೂತೆ. ಅವರು ಮತ್ತೆ ಹುಟ್ಟು ಹಾಕತೊಡಗಿದರು. ನೋಡಲು ಬೇರೆ ಏನೂ ಇರಲಿಲ್ಲ, ಅವರ ಮುಖವನ್ನೇ ನೋಡಿದೆ. ಹಣೆಯ ಮೇಲೆ ಬೆವರು. ಬಲಗಣ್ಣಿನಲ್ಲಿ ನೀರು. ಹೊಲದಲ್ಲಿ ಕೆಲಸ ಮಾಡುವವರ ಮುಖ ಇರುತ್ತದಲ್ಲ, ಹಾಗೆ. ಬೇರೆ ಏನೂ ವಿಶೇಷವಿಲ್ಲ. ನಿಮ್ಮ ಅಜ್ಜ ಇಪ್ಪತ್ತೆರಡು ನಾಟಕ ಆಡಿದರು. ರಂಗದ ಮೇಲೆ ಅವರ ಮುಖ ಹೇಗಿರುತ್ತಿತ್ತು ಎಂದು ನೀವು ಯಾವತ್ತಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನೋಡಿದವರು ಊರಿನವರು.

ದಂಡೆ ಬಂತು. ಅವರು ಹುಟ್ಟು ನಿಲ್ಲಿಸಿದರು. ನಾನು ಇಳಿದು, ನಮ್ಮಲ್ಲಿ ದೋಣಿಯಿಂದ ಇಳಿದವರು ಮಾಡುವಂತೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತಡಿಕೆಯ ಹಿಂದೆ ಹೋದೆ. ಉಳಿದ ಮೂರು ಮಾತು ಅವರಿಗೆ ತಾವಾಗಿಯೇ ಬಂದವು. ದೋಣಿ ಕಟ್ಟಿದರು. ಚಪ್ಪಾಳೆಗೆ ಗಿಳಿ ಬೆದರಿ ಪಂಜರದಲ್ಲಿ ಸುತ್ತತೊಡಗಿತು.

ಸೋಮವಾರ

ಬೆಳಿಗ್ಗೆ ಏಳನೆಯ ಕೋಣೆಗೆ ಹೋಗಲು ನನಗೆ ಭಯವಿತ್ತು. ಡೆಸ್ಮಂಡ್ ಅಜ್ಜ ಹಾಸಿಗೆಯಲ್ಲಿ ಕೂತು, ಗಂಜಿ ತಣ್ಣಗಿದೆ ಎಂದು ಒಬ್ಬ ಹುಡುಗಿಯನ್ನು ಬೈಯುತ್ತಿದ್ದರು. ಎರಡು ಬಟ್ಟಲು ಖಾಲಿಯಾಗಿದ್ದವು.

ಟ್ರೇಸಿ ಬಂದಳು. ಎಲ್ಲರೂ ಹೊಗಳಿದರು ಎಂದಳು. ಆಮೇಲೆ ಕೇಳಿದಳು: "ಕೊನೆಗೆ ಆ ಹೆಂಗಸು ದೋಣಿ ಹತ್ತುವುದು ಮೊದಲಿನಿಂದಲೂ ನಾಟಕದಲ್ಲಿ ಇದೆಯಾ?"

"ಇದೆ" ಎಂದರು ಡೆಸ್ಮಂಡ್ ಅಜ್ಜ. "ಇಷ್ಟು ದಿನ ಆ ಪಾತ್ರ ಮಾಡುವವರು ಸಿಕ್ಕಿರಲಿಲ್ಲ."

ಅವಳು ಹೋದ ಮೇಲೆ ಹಳೆಯ ಪುಸ್ತಕ ತೆಗೆದು, ಕೊನೆಯ ಹಾಳೆಗೆ ಬಂದರು. ಇನ್ನು ನಾಟಕ ಆಡುವುದಿಲ್ಲ, ಸಾಕು ಎಂದರು. ಬೇಸರದಿಂದ ಹೇಳಲಿಲ್ಲ, ಊಟವಾದ ಮೇಲೆ ತಟ್ಟೆ ಸರಿಸುವವರ ಹಾಗೆ ಹೇಳಿದರು. ಲಂಡನ್ನಿನ ಆ ರಂಗಮಂದಿರದವರು ಹಳೆಯ ಪುಸ್ತಕಗಳನ್ನು ಕಪಾಟಿನಲ್ಲಿ ಕಾಯ್ದಿಡುತ್ತಾರಂತೆ, ಇದನ್ನೂ ಕೇಳಿದ್ದಾರೆ, ಕಳಿಸಬೇಕು. ಕಳಿಸುವ ಮೊದಲು ಹೊಸ ಮಾತನ್ನು ಸೇರಿಸಬೇಕು ಎಂದು ವೀಣಾಳ ಕೈಗೆ ಪೆನ್ಸಿಲು ಕೊಟ್ಟರು.

"ಹೇಳಿ ಗಿರಿಜಾ, ಏನಂದಿರಿ?"

ಕೋಣೆಯಲ್ಲಿ ಇದ್ದವರು ಮೂವರೇ. ಆದರೂ ನನಗೆ ಬಾಯಿ ಬರಲಿಲ್ಲ. ವೀಣಾಳ ಕೈಯಿಂದ ಪೆನ್ಸಿಲು ತೆಗೆದುಕೊಂಡು, ಮಿಸ್ ಪಾರ್ ಹಾಕಿದ ಗೆರೆಗಳ ಪಕ್ಕದ ಖಾಲಿ ಜಾಗದಲ್ಲಿ ನಾನೇ ಬರೆದೆ. ಶಾಲೆಯಲ್ಲಿ ಕಲಿತ ಹಾಗೆ, ಗುಂಡಗೆ. ಹೆಸರು ಬರೆಯಿರಿ ಎಂದರು. ಬರೆಯಲಿಲ್ಲ.

ಈಗ ಆ ಪುಸ್ತಕ ಲಂಡನ್ನಿಗೆ ತಲುಪಿರಬೇಕು. ಅಲ್ಲಿ ಅದನ್ನು ತೆರೆದು ನೋಡುವವರಿಗೆ ಕೊನೆಯ ಹಾಳೆಯ ಅಂಚಿನಲ್ಲಿ ಒಂದು ಸಾಲು ಕಾಣುತ್ತದೆ. ಅದು ಯಾವ ಲಿಪಿ, ಯಾರ ಮಾತು, ಆ ನಾಟಕದೊಳಗೆ ಹೇಗೆ ಬಂತು ಎಂದು ತಿಳಿಯುವ ದಾರಿ ಅವರಿಗಿಲ್ಲ. ಡೆಸ್ಮಂಡ್ ಅಜ್ಜನಿಗೆ ಎಂಬತ್ತೆಂಟು, ನನಗೂ ಕಡಿಮೆಯೇನಲ್ಲ. ಮುಂದೆ ಯಾರಾದರೂ ಕೇಳಿಕೊಂಡು ಬಂದರೆ ಉತ್ತರ ಇರುವುದು ಈ ಹಾಳೆಗಳಲ್ಲಿ ಮಾತ್ರ. ಆದ್ದರಿಂದ ಮಕ್ಕಳೇ, ಓದಿ ಮುಗಿದ ಮೇಲೆ ಇವನ್ನು ರದ್ದಿಗೆ ಹಾಕಬೇಡಿ. ನೀರು ತಾಗದ ಕಡೆ, ಇಬ್ಬರಿಗೂ ಗೊತ್ತಿರುವ ಒಂದು ಜಾಗದಲ್ಲಿ ಎತ್ತಿಡಿ.